ಆನೆ ಮತ್ತು ನಾವು: ಮಲೆನಾಡು, ಕಾಡಂಚಿನ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಆಲೂರು, ಕೊಡಗು, ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯ ರೈತರು, ತೋಟದ ಕಾರ್ಮಿಕರು, ಪಟ್ಟಣದ ಗೆಳೆಯರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಅವರ ಮಾತಲ್ಲೇ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಳೆ ಹೋಗುವುದು ಒಂದು ಸಮಸ್ಯೆ, ಜನ ಸಾಯುವುದು ಬೇರೆಯೇ ಸಮಸ್ಯೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ, ಒಂದೇ ಬೇಲಿಯಿಂದ ಎರಡೂ ಮುಗಿಯುತ್ತವೆ ಅಂತ ನಂಬಿಕೊಂಡೇ ನಾವು ಇಷ್ಟು ವರ್ಷ ಕಳೆದಿದ್ದೇವೆ.

## ಮೊದಲು ತಿಳಿಯಬೇಕಾದ್ದು

ನಮ್ಮ ರಾಜ್ಯದಲ್ಲಿ ಆನೆ ಎಷ್ಟಿವೆ? ವಿಪರೀತ ಜಾಸ್ತಿ ಆಗಿವೆ ಅಂತಾರಲ್ಲ?

2017ರ ಗಣತಿಯಲ್ಲಿ 6,049 ಆನೆ ಇದ್ದವು, 2023ರಲ್ಲಿ 6,395. ಆಮೇಲೆ ಲದ್ದಿಯ ಡಿಎನ್ಎ ಆಧರಿಸಿದ ಹೊಸ ವಿಧಾನದಲ್ಲಿ ದೇಶವ್ಯಾಪಿ ಲೆಕ್ಕ ನಡೆಯಿತು. 2025ರಲ್ಲಿ ಬಂದ ಅದರ ವರದಿ ಕರ್ನಾಟಕಕ್ಕೆ 6,013 ಅಂತ ಹೇಳಿತು. ವಿಧಾನ ಬೇರೆ ಆದ್ದರಿಂದ ಈ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ಏರಿತು, ಇಳಿಯಿತು ಅನ್ನುವಂತಿಲ್ಲ. ಯಾವ ಲೆಕ್ಕ ಹಿಡಿದರೂ ದೇಶದಲ್ಲಿ ಅತಿ ಹೆಚ್ಚು ಆನೆ ಇರುವುದು ನಮ್ಮಲ್ಲೇ.

ಅಂದರೆ ಒಟ್ಟು ಸಂಖ್ಯೆ ದುಪ್ಪಟ್ಟು ಆಗಿಲ್ಲ. ಆದರೆ ನಿಮ್ಮ ಊರಲ್ಲಿ ಜಾಸ್ತಿ ಆಗಿರಬಹುದು, ಅದು ನಿಜ. ಆನೆಗಳು ಓಡಾಡುವ ಜಾಗ ಬದಲಾಗಿದೆ, ಒಂದೇ ಕಡೆ ತಂಗುವ ದಿನಗಳು ಹೆಚ್ಚಾಗಿವೆ.

ಕಾಡಲ್ಲಿ ಮೇವಿಲ್ಲ, ಅದಕ್ಕೇ ತಾನೆ ಊರಿಗೆ ಬರೋದು?

ಅರ್ಧ ನಿಜ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಂಥ ಕಾಡಲ್ಲಿ ಲಂಟಾನ ಪೊದೆ ಹಬ್ಬಿ ಹುಲ್ಲು ಬೆಳೆಯುವ ಜಾಗವನ್ನು ನುಂಗಿದೆ. ಬಿದಿರು ಹೂಬಿಟ್ಟು ಒಣಗಿದ ವರ್ಷಗಳಲ್ಲಿ ಮೇವಿನ ತಾಪತ್ರಯ ಇನ್ನೂ ಜಾಸ್ತಿ.

ಆದರೆ ಮಳೆಗಾಲ ಮುಗಿದು ಕಾಡೆಲ್ಲ ಹಸಿರಾಗಿರುವಾಗಲೂ ಆನೆ ರಾಗಿ ಹೊಲಕ್ಕೆ ನುಗ್ಗುತ್ತದಲ್ಲ, ಯಾಕೆ? ಆಗ ರಾಗಿ, ಭತ್ತ ತೆನೆ ಕಟ್ಟಿರುತ್ತದೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಲ್ಲಿ ಅದಕ್ಕಾಗಿ ಹಗಲೂ ರಾತ್ರಿ ಮೇಯಬೇಕು. ತೆನೆ ತುಂಬಿದ ಹೊಲದಲ್ಲಿ ಪ್ರತಿ ತುತ್ತಿನಲ್ಲೂ ಸತ್ವ ಜಾಸ್ತಿ, ಶ್ರಮ ಕಡಿಮೆ. ವಿಜ್ಞಾನಿ ರಾಮನ್ ಸುಕುಮಾರ್ 1980ರ ದಶಕದಲ್ಲಿ ಚಾಮರಾಜನಗರ ಕಡೆಯ ಕಾಡಂಚಿನಲ್ಲಿ ಅಧ್ಯಯನ ಮಾಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಹಿಂಡಿನ ಹೆಣ್ಣಾನೆಗಳಿಗಿಂತ ಬೆಳೆದ ಗಂಡಾನೆಗಳು ಹಲವು ಪಟ್ಟು ಹೆಚ್ಚು ಸಲ ಹೊಲಕ್ಕೆ ಬರುತ್ತವೆ. ಗಂಡಾನೆ ಎಷ್ಟು ದಪ್ಪ, ಎಷ್ಟು ಬಲಿಷ್ಠ ಅನ್ನುವುದರ ಮೇಲೆ ಅದಕ್ಕೆ ಜೋಡಿ ಸಿಗುವುದು ನಿಂತಿದೆ. ಹಾಗಾಗಿ ಅಪಾಯ ಇದ್ದರೂ ಅದು ಬರುತ್ತದೆ. ಕಾಡಲ್ಲಿ ಹಣ್ಣಿನ ಮರ ನೆಟ್ಟುಬಿಟ್ಟರೆ ಸಾಕು ಅನ್ನುವವರು ಇದನ್ನು ಮರೆಯುತ್ತಾರೆ.

ನಮ್ಮಜ್ಜನ ಕಾಲದಲ್ಲಿ ಇಲ್ಲಿ ಆನೆ ಇರಲಿಲ್ಲ. ಈಗ ಎಲ್ಲಿಂದ ಬಂದವು?

ಹಾಸನದ ಕಡೆಯಿಂದ ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಹಳ್ಳಿಗಳನ್ನು, ಹೊಲಗಳನ್ನು ಮುಳುಗಿಸಿತು. ಮುಳುಗಡೆಯಾದವರಿಗೆ ಜಮೀನು ಕೊಡಲು ಕಾಡು ಕಡಿಯಲಾಯಿತು. ಉಳಿದ ಕಾಡು ತುಂಡು ತುಂಡಾಯಿತು. ಆ ತುಂಡುಗಳ ನಡುವೆ ಕಾಫಿ ತೋಟ.

ಕಾಫಿ ತೋಟವನ್ನು ಆನೆಯ ಕಣ್ಣಲ್ಲಿ ನೋಡಿ. ತಲೆ ಮೇಲೆ ನೆರಳಿನ ಮರ. ಹಲಸು, ಬಾಳೆ, ಬೈನೆ. ಬೇಸಿಗೆಯಲ್ಲೂ ಬತ್ತದ ಕೆರೆ, ಯಾಕಂದರೆ ಹೂ ಅರಳಿಸಲು ಸ್ಪ್ರಿಂಕ್ಲರ್‌ಗೆ ನೀರು ಬೇಕು. ಪಕ್ಕದಲ್ಲೇ ಭತ್ತದ ಗದ್ದೆ. ಹಗಲು ತೋಟದ ನೆರಳಲ್ಲಿ ನಿಂತು, ರಾತ್ರಿ ಗದ್ದೆಗೆ ಇಳಿದರೆ ಆಯಿತು. ಈಗ ಇಲ್ಲಿರುವ ಎಷ್ಟೋ ಮರಿಗಳು ಹುಟ್ಟಿದ್ದೇ ತೋಟದಲ್ಲಿ. ಅವುಗಳಿಗೆ ವಾಪಸ್ ಹೋಗಲು ಬೇರೆ ಕಾಡು ಅಂತ ಒಂದಿಲ್ಲ. ಈ ಮಾತು ಒಪ್ಪಲು ಕಷ್ಟ, ಆದರೆ ಒಪ್ಪದೆ ಮುಂದಿನ ಯಾವ ಯೋಜನೆಯೂ ನಿಲ್ಲುವುದಿಲ್ಲ.

ಆನೆ ಇಲ್ಲದಿದ್ದರೆ ಯಾರಿಗೇನು ನಷ್ಟ? ನೇರವಾಗಿ ಹೇಳಿ.

ಆನೆ ನುಂಗಿದ ಬೀಜ ಎಷ್ಟೋ ಕಿಲೋಮೀಟರ್ ಆಚೆ ಲದ್ದಿಯ ಗೊಬ್ಬರದ ಜೊತೆ ಬೀಳುತ್ತದೆ. ದೊಡ್ಡ ಬೀಜದ ಹಣ್ಣನ್ನು ಅಷ್ಟು ದೂರ ಒಯ್ಯುವ ಪ್ರಾಣಿಗಳು ಕಾಡಲ್ಲಿ ಬಹಳ ಕಡಿಮೆ. ಲದ್ದಿಯನ್ನು ಸಗಣಿ ಹುಳುಗಳು ನೆಲಕ್ಕೆ ಸೇರಿಸುತ್ತವೆ. ಆನೆ ಬಗ್ಗಿಸಿದ ಕೊಂಬೆಯ ಸೊಪ್ಪು ಜಿಂಕೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಮರಳು ಬಗೆದು ಅದು ತೋಡಿದ ಗುಂಡಿಯಲ್ಲಿ ಬೇರೆ ಪ್ರಾಣಿಗಳು ನೀರು ಕುಡಿಯುತ್ತವೆ.

ಇನ್ನೊಂದು ಲಾಭ ನಮ್ಮ ಮನೆಬಾಗಿಲಿಗೇ ಬರುತ್ತದೆ. ಆನೆಗೆ ಬೇಕಾಗುವುದು ನೂರಾರು ಚದರ ಕಿಲೋಮೀಟರ್ ಜಾಗ. ಆನೆಗಾಗಿ ಉಳಿಸಿದ ಕಾಡಿನಲ್ಲಿ ಹುಲಿ, ಕಾಡೆಮ್ಮೆ, ಕಪ್ಪೆ, ಆರ್ಕಿಡ್ ಎಲ್ಲವೂ ಉಳಿಯುತ್ತವೆ. ಕಬಿನಿ, ಹೇಮಾವತಿ, ಕಾವೇರಿ ನೀರು ಬರುವುದೂ ಅಂಥ ಕಾಡುಗಳಿಂದಲೇ. ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ ಎರಡಕ್ಕೂ ಆ ನೀರೇ ಬೇಕು.

## ದಿನನಿತ್ಯದ ಎಚ್ಚರ

ಬೆಳಿಗ್ಗೆ ತೋಟಕ್ಕೆ ಹೋಗೋವಾಗ ಏನೇನು ನೋಡ್ಕೋಬೇಕು?

ಜೀವಹಾನಿಯ ಘಟನೆಗಳನ್ನು ಒಂದೊಂದಾಗಿ ನೋಡಿದರೆ ಮತ್ತೆ ಮತ್ತೆ ಕಾಣುವುದು ಒಂದೇ ಚಿತ್ರ. ಮುಂಜಾನೆ ಅಥವಾ ಮುಸ್ಸಂಜೆ. ಒಬ್ಬರೇ ಅಥವಾ ಇಬ್ಬರು ನಡೆದು ಹೋಗುತ್ತಿದ್ದರು. ಆನೆ ಹತ್ತಿರದಲ್ಲೇ ಇದೆ ಅಂತ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಗೊತ್ತಾಗದೆ ಇರುತ್ತದಾ ಅಂತ ಕೇಳಬೇಡಿ. ಆನೆಯ ಪಾದದಡಿ ಮೆತ್ತನೆಯ ಕೊಬ್ಬಿನ ಪದರ ಇದೆ. ಕಾಫಿ ಗಿಡಗಳ ನಡುವೆ ಅದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಸದ್ದು ಬರುವುದಿಲ್ಲ.

ಆದ್ದರಿಂದ ಬೆಳಕು ಹರಿಯುವ ಮುಂಚೆ ಹೊರಡಬೇಡಿ. ಗುಂಪಾಗಿ, ಮಾತಾಡುತ್ತಾ ನಡೆಯಿರಿ. ಇಯರ್‌ಫೋನ್ ಬೇಡ. ಹಸಿ ಲದ್ದಿ, ಮುರಿದ ಕೊಂಬೆ, ಮಣ್ಣಲ್ಲಿ ಹೊಸ ಹೆಜ್ಜೆ, ಗಾಢವಾದ ಆನೆ ವಾಸನೆ, ಕೊಂಬೆ ಲಟಲಟ ಮುರಿಯುವ ಸದ್ದು, ಯಾವುದಾದರೂ ಒಂದು ಸಿಕ್ಕರೂ ಅಲ್ಲಿಂದಲೇ ಹಿಂದಿರುಗಿ. ಮನೆಯಲ್ಲಿ ಹಲಸಿನ ಹಣ್ಣು, ಉಪ್ಪು, ಅಕ್ಕಿ, ಮಾಡಿಟ್ಟ ಹೆಂಡ ಇದ್ದರೆ ಆನೆ ಗೋಡೆ ಒಡೆಯುವುದುಂಟು. ಅಂಗಳದ ಹಲಸು ಹಣ್ಣಾಗುವ ಮೊದಲೇ ಕಾಯಿ ಇಳಿಸಿಬಿಡುವುದು ಒಳ್ಳೆಯದು.

ತೋಟದ ಮಾಲೀಕರಿಗೆ ಒಂದು ಮಾತು. ಕೆಲಸ ಶುರುವಾಗುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ. ಮೊದಲು ಒಬ್ಬ ಅನುಭವಸ್ಥರು ಜೀಪಿನಲ್ಲಿ ಸುತ್ತಿ ನೋಡಿ ಬರಲಿ. ಕಾರ್ಮಿಕರನ್ನು ವಾಹನದಲ್ಲೇ ಕಳಿಸಿ. ಖರ್ಚು ಇದೆ, ಹೌದು. ಆ ಖರ್ಚು ತೋಟದ್ದೇ.

ಎದುರಿಗೆ ಬಂದೇ ಬಿಟ್ಟರೆ ಏನು ಮಾಡೋದು?

ಆನೆ ನಿಮ್ಮನ್ನು ಗಮನಿಸಿಲ್ಲದಿದ್ದರೆ ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ. ಗಮನಿಸಿದ್ದರೆ ನಿಧಾನವಾಗಿ ಹಿಮ್ಮೆಟ್ಟಿ, ಅದಕ್ಕೆ ಹೋಗಲು ದಾರಿ ಬಿಡಿ. ಕಲ್ಲು ಬೇಡ, ಫೋಟೋ ಬೇಡ, ಟಾರ್ಚನ್ನು ಕಣ್ಣಿಗೆ ಹಿಡಿಯುವುದು ಬೇಡ. ಮರಿ ಇರುವ ಹಿಂಡು, ಮದ ಬಂದ ಸಲಗ ಇವೆರಡರಿಂದ ಬಹಳ ದೂರ ಇರಬೇಕು. ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಕಪ್ಪಗೆ ದ್ರವ ಸೋರುತ್ತಿದ್ದರೆ ಅದು ಮದ.

ಅಟ್ಟಿಸಿಕೊಂಡು ಬಂದರೆ ಯಾವ ಸೂತ್ರವೂ ಖಾತ್ರಿ ಇಲ್ಲ. ಹತ್ತಿರದ ಪಕ್ಕಾ ಕಟ್ಟಡ, ದಪ್ಪ ಮರ, ಬಂಡೆಯ ಮರೆಗೆ ಹೋಗಿ. ಕೈಲಿದ್ದ ಚೀಲವನ್ನೋ ಕಂಬಳಿಯನ್ನೋ ಬಿಸಾಡಿದರೆ ಕೆಲವೊಮ್ಮೆ ಅದರ ಗಮನ ಆ ಕಡೆ ಹೋಗುತ್ತದೆ. ಇಳಿಜಾರಿನಲ್ಲಿ ಆನೆ ಓಡಲಾರದು ಅನ್ನುವ ನಂಬಿಕೆ ಮಾತ್ರ ಬಿಟ್ಟುಬಿಡಿ. ಇಳಿಜಾರಲ್ಲೂ ಅದು ನಮಗಿಂತ ವೇಗ.

ಪಟಾಕಿ ಹೊಡೆದು ಓಡಿಸಿದರೆ ತಪ್ಪೇನು?

ನಿಮ್ಮ ಗದ್ದೆಯಿಂದ ಓಡಿದ ಆನೆ ಪಕ್ಕದ ತೋಟಕ್ಕೆ ಹೋಗುತ್ತದೆ. ಅಲ್ಲಿಂದ ಅವರು ಓಡಿಸುತ್ತಾರೆ. ನಾಲ್ಕು ದಿನ ನಿದ್ದೆ, ಮೇವು, ನೀರು ಇಲ್ಲದೆ ರೇಗಿದ ಆನೆಗೆ ಐದನೇ ದಿನ ಬೆಳಿಗ್ಗೆ ಸಿಗುವುದು ಏನೂ ಗೊತ್ತಿಲ್ಲದ ಯಾರೋ ಒಬ್ಬರು. ಹಿಂಡು ಚದುರಿದರೆ ಮರಿ ಒಂದು ಕಡೆ, ತಾಯಿ ಒಂದು ಕಡೆ. ಅದರಂಥ ಅಪಾಯ ಇನ್ನೊಂದಿಲ್ಲ. ಓಡಿಸಲೇಬೇಕಾದರೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಮಾಡಲಿ. ಇಡೀ ಊರಿಗೆ ಮೊದಲೇ ತಿಳಿಸಿ, ಒಂದೇ ದಿಕ್ಕಿಗೆ ಓಡಿಸಬೇಕು. ಇಲಾಖೆಯ ಸಹಾಯವಾಣಿ 1926.

ಮೊಬೈಲಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತೆ. ಅದರಿಂದ ನಿಜಕ್ಕೂ ಉಪಯೋಗ ಇದೆಯಾ?

ಇದೆ. ನನ್ನ ಮಟ್ಟಿಗೆ ಇದುವರೆಗೆ ನಡೆದ ಕೆಲಸಗಳಲ್ಲಿ ಜೀವ ಉಳಿಸಿದ್ದು ಇದೇ ಜಾಸ್ತಿ. ತಮಿಳುನಾಡಿನ ಆನಮಲೈ ಬೆಟ್ಟದ ವಾಲ್ಪಾರೈ ಸುತ್ತ ಟೀ ತೋಟಗಳ ನಡುವೆ ಆನೆಗಳು ಓಡಾಡುತ್ತವೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಎಂ. ಆನಂದಕುಮಾರ್ ಮತ್ತು ಸಂಗಡಿಗರು ಅಲ್ಲಿ ಬಹಳ ವರ್ಷ ಆನೆಗಳ ಜಾಡು ಹಿಡಿದರು. ಆಮೇಲೆ ಮೂರು ಕೆಲಸ ಮಾಡಿದರು. ಸಂಜೆ ಸ್ಥಳೀಯ ಕೇಬಲ್ ಟಿವಿಯಲ್ಲಿ ಆನೆ ಎಲ್ಲಿದೆ ಅನ್ನುವ ಸಾಲು ಓಡಿಸಿದರು. ಫೋನಿಗೆ ಸಂದೇಶ ಕಳಿಸಿದರು. ಎತ್ತರದ ಕಡೆ ಕೆಂಪು ದೀಪ ನಿಲ್ಲಿಸಿದರು. ಹತ್ತಿರದಲ್ಲಿ ಆನೆ ಇದ್ದರೆ ಊರವರೇ ಫೋನ್ ಮಾಡಿ ಆ ದೀಪ ಹೊತ್ತಿಸಬಹುದು. ಸಾವು ಗಮನಾರ್ಹವಾಗಿ ಇಳಿಯಿತು. ಆನಂದಕುಮಾರ್ ಅವರಿಗೆ 2015ರಲ್ಲಿ, ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು.

ಅದೇ ರೀತಿಯ ವ್ಯವಸ್ಥೆ ಹಾಸನಕ್ಕೂ ಬಂತು. ಇಲ್ಲಿ ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್, ಅಂದರೆ ಆನೆ ಇರುವ ಜಾಗ ತಿಳಿಸುವ ಕೊರಳ ಪಟ್ಟಿ ಹಾಕಿದ್ದಾರೆ, ಆನೆಗಳನ್ನು ಹೆಸರಿಟ್ಟು ಗುರುತಿಸುತ್ತಾರೆ. ಭೀಮ ಎಲ್ಲಿದ್ದಾನೆ, ಬೀಟಮ್ಮನ ಗುಂಪು ಯಾವ ಕಡೆ ಹೊರಟಿದೆ ಅಂತ ಶಾಲೆ ಮಕ್ಕಳಿಗೂ ಗೊತ್ತು. ಕೊರತೆ ಎರಡು. ಒಂಟಿ ಸಲಗಗಳಿಗೆಲ್ಲ ಕಾಲರ್ ಇಲ್ಲ. ಹೊರಗಿನಿಂದ ಕೆಲಸಕ್ಕೆ ಬಂದ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರಿಗೆ ಕನ್ನಡದ ಸಂದೇಶ ಓದಲು ಬರುವುದಿಲ್ಲ. ಅವರ ಭಾಷೆಯಲ್ಲೇ ಧ್ವನಿ ಸಂದೇಶ ಹೋಗಬೇಕು.

## ಬೇಲಿ, ಬೆಳೆ, ದುಡ್ಡು

ಸೋಲಾರ್ ಬೇಲಿ ಹಾಕಿಸಿದ್ದೆ. ಎರಡೇ ವರ್ಷಕ್ಕೆ ಆನೆ ದಾಟಿತು. ದುಡ್ಡು ದಂಡ ಅಲ್ವಾ?

ಬೇಲಿ ಹಾಕುವುದಕ್ಕಿಂತ ಅದನ್ನು ನೋಡಿಕೊಳ್ಳುವುದು ದೊಡ್ಡ ಕೆಲಸ. ತಂತಿಗೆ ಕರೆಂಟು ಬಿಡುವ ಎನರ್ಜೈಸರ್ ಕ್ಷಣಕ್ಕೊಮ್ಮೆ ಚುಟುಕಾದ ಪೆಟ್ಟು ಕೊಡುತ್ತದೆ. ನೋವಾಗುತ್ತದೆ, ಸಾಯುವುದಿಲ್ಲ. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ವಿದ್ಯುತ್ತೆಲ್ಲ ನೆಲಕ್ಕೆ ಇಳಿದುಹೋಗುತ್ತದೆ. ಬ್ಯಾಟರಿ ನೀರು ಒಣಗಿದರೂ ಅಷ್ಟೇ. ಇನ್ನು ಆನೆಯ ಜಾಣತನ ಬೇರೆ. ದಂತದಲ್ಲಿ ಕರೆಂಟು ಹರಿಯುವುದಿಲ್ಲ ಅಂತ ಕಂಡುಕೊಂಡ ಸಲಗ ದಂತದಿಂದಲೇ ತಂತಿ ಕೀಳುತ್ತದೆ. ಇಲ್ಲವೇ ಮರ ಉರುಳಿಸಿ ದಾಟುತ್ತದೆ. ಮೇಲಿನಿಂದ ತಂತಿಗಳು ಜೋತು ಬಿದ್ದಿರುವ ತೂಗು ಬೇಲಿ ಈಗ ಬಂದಿದೆ. ಅದರಲ್ಲಿ ಕಂಬ ಸುಲಭಕ್ಕೆ ಕೈಗೆ ಸಿಗುವುದಿಲ್ಲ, ತಂತಿ ಸೊಂಡಿಲಿಗೆ, ಮೈಗೆ ತಾಗುತ್ತದೆ.

ಒಬ್ಬೊಬ್ಬರೇ ಹಾಕಿಕೊಂಡ ಬೇಲಿಗಿಂತ ಹತ್ತು ಮನೆಯವರು ಸೇರಿ ಹಾಕಿ, ಪಾಳಿ ಪ್ರಕಾರ ಹುಲ್ಲು ಕೊಯ್ದು ನೋಡಿಕೊಂಡ ಬೇಲಿ ಬಾಳಿಕೆ ಬರುತ್ತದೆ. ಕೊಯ್ಲಿನ ಎರಡು ಮೂರು ತಿಂಗಳು ಮಾತ್ರ ಗದ್ದೆ ಸುತ್ತ ಕಟ್ಟಿ ಆಮೇಲೆ ತೆಗೆದಿಟ್ಟರೂ ಸಾಕು.

ಮನೆ ಲೈನಿಂದಲೇ ಬೇಲಿಗೆ ಕರೆಂಟ್ ಕೊಟ್ಟರೆ?

ಕೊಡಬೇಡಿ. ಅದು ಅಪರಾಧ. ಆನೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದಕ್ಕಿಂತ ಮುಖ್ಯವಾಗಿ, ಅಂಥ ತಂತಿಗೆ ಸಿಕ್ಕಿ ದನ ಮೇಯಿಸುವವರು, ಪಕ್ಕದ ಮನೆಯ ಮಕ್ಕಳು ಸತ್ತಿದ್ದಾರೆ.

ಕಾಡಿನ ಸುತ್ತ ಪೂರ್ತಿ ರೈಲು ಹಳಿ ಬೇಲಿ ಹಾಕಿಬಿಟ್ಟರೆ ಮುಗಿಯಿತಲ್ಲ?

ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಹಳೆಯ ಹಳಿಗಳ ಬೇಲಿ ಚೆನ್ನಾಗಿ ಕೆಲಸ ಮಾಡಿದ ಕಡೆಗಳಿವೆ. ಒಂದು ಕಿಲೋಮೀಟರಿಗೆ ಕೋಟಿಗೂ ಹೆಚ್ಚು ಖರ್ಚು. ಕಂದಕ ಅಗ್ಗ, ಆದರೆ ಮಲೆನಾಡಿನ ಮಳೆಗೆ ಕುಸಿಯುತ್ತದೆ, ಆನೆಯೇ ಮಣ್ಣು ತಳ್ಳಿ ಮುಚ್ಚಿಕೊಂಡು ದಾಟುವುದೂ ಇದೆ.

ಒಂದು ಕಡೆ ಕಾಡು, ಇನ್ನೊಂದು ಕಡೆ ಹೊಲ ಅಂತ ಗೆರೆ ಸ್ಪಷ್ಟವಾಗಿದ್ದರೆ ಹಳಿ ಬೇಲಿ ಒಳ್ಳೆಯ ಉಪಾಯ. ಎಚ್.ಡಿ. ಕೋಟೆಯಲ್ಲಿ ಹಾಗಿದೆ. ಆಲೂರಿನಲ್ಲಿ ಎಲ್ಲಿ ಹಾಕುತ್ತೀರಿ? ಅಲ್ಲಿ ಆನೆ ಬೇಲಿಯ ಈಚೆಗೇ ಇದೆ. ಈ ವ್ಯತ್ಯಾಸ ನೋಡದೆ ಎಲ್ಲ ಜಿಲ್ಲೆಗೂ ಒಂದೇ ಬೇಡಿಕೆ ಇಡುವುದರಿಂದ ದುಡ್ಡೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ.

ಜೇನುಪೆಟ್ಟಿಗೆ ಇಟ್ಟರೆ ಆನೆ ಬರಲ್ವಂತೆ. ಹೌದಾ?

ಆಫ್ರಿಕಾದ ಕೀನ್ಯಾದಲ್ಲಿ ಚೆನ್ನಾಗಿ ನಡೆದ ಪ್ರಯೋಗ ಅದು. ನಮ್ಮಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ 2021ರ ಮಾರ್ಚಿನಲ್ಲಿ ಕೊಡಗಿನ ಚೇಲೂರಿನಲ್ಲಿ ಶುರು ಮಾಡಿತು. ನಮ್ಮ ತುಡುವೆ ಜೇನು ಆಫ್ರಿಕಾದ ಜೇನಿಗಿಂತ ಬಹಳ ಸಾಧು. ಹೆಚ್ಚಿನ ಆನೆ ಬರುವುದು ರಾತ್ರಿ, ಆಗ ಜೇನು ಪೆಟ್ಟಿಗೆಯೊಳಗೆ ಇರುತ್ತದೆ. ಜೇನುತುಪ್ಪದ ಆದಾಯಕ್ಕಾಗಿ, ಕಾಫಿ ಹೂವಿನ ಪರಾಗಕ್ಕಾಗಿ ಇಡಿ. ಅದೊಂದನ್ನೇ ನಂಬಿ ಗದ್ದೆ ಬಿಟ್ಟು ಮಲಗಬೇಡಿ.

ಬೆಳೆ ಪರಿಹಾರಕ್ಕೆ ಅಲೆದು ಅಲೆದು ಸಾಕಾಯಿತು. ಸುಮ್ನೆ ಬಿಟ್ಟುಬಿಡೋದಾ?

ಬಿಡಬೇಡಿ. ಹಾನಿಯಾದ ಬೆಳಿಗ್ಗೆಯೇ ಫೋಟೋ ತೆಗೆಯಿರಿ. ಆನೆ ಹೆಜ್ಜೆಯೂ, ಬೆಳೆಯೂ ಒಟ್ಟಿಗೆ ಕಾಣಬೇಕು. ವಲಯ ಅರಣ್ಯ ಅಧಿಕಾರಿಗೆ ಅರ್ಜಿ, ಜೊತೆಗೆ ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್. ಅರ್ಜಿಯ ಸ್ವೀಕೃತಿ ತಪ್ಪದೆ ಪಡೆಯಿರಿ. ಬಂಡೀಪುರ, ನಾಗರಹೊಳೆ ಸುತ್ತಮುತ್ತ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರ ವೈಲ್ಡ್ ಸೇವೆ ಅನ್ನುವ ಕಾರ್ಯಕ್ರಮ 2015ರಿಂದ ಇದೆ. ಫೋನ್ ಮಾಡಿದರೆ ಅವರೇ ಮನೆಗೆ ಬಂದು ಅರ್ಜಿ ತುಂಬಿಸುತ್ತಾರೆ.

ಜೀವಹಾನಿಗೆ ಕೊಡುವ ಮೊತ್ತವನ್ನು ಸರ್ಕಾರ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಕಷ್ಟ ಇರುವುದು ಗೇಣಿಗೆ ಜಮೀನು ಮಾಡುವವರದು. ಪಹಣಿ ಇನ್ನೊಬ್ಬರ ಹೆಸರಲ್ಲಿ, ಬೆವರು ಇವರದು, ಪರಿಹಾರ ಹೆಸರಿದ್ದವರಿಗೆ. ಇದು ಅನ್ಯಾಯ. ಬೆಳೆದವರಿಗೇ ಸಿಗುವ ಹಾಗೆ ನಿಯಮ ಬದಲಾಗಲೇಬೇಕು.

## ಇನ್ನಷ್ಟು ಕಠಿಣ ಪ್ರಶ್ನೆಗಳು

ಎಲ್ಲಾ ಆನೆ ಹಿಡಿದು ದೂರದ ಕಾಡಿಗೆ ಬಿಡಬಾರದಾ?

ಕರ್ನಾಟಕ ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ (ಇದು ಆನೆ ಓಡಿಸುವ ಇಲಾಖೆಯ ಪಡೆಯಲ್ಲ, ತಜ್ಞರ ಸಮಿತಿ) ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಕೊಟ್ಟಿತು. ರಾಜ್ಯವನ್ನು ಮೂರು ವಲಯವಾಗಿ ನೋಡಿ ಅಂದಿತು: ಆನೆಗೇ ಆದ್ಯತೆ ಇರುವ ಕಾಡು, ಆನೆ ಮತ್ತು ಜನ ಹೊಂದಿಕೊಂಡು ಇರಬೇಕಾದ ಜಾಗ, ಆನೆಗಳನ್ನು ತೆಗೆಯಲೇಬೇಕಾದ ಜಾಗ. ಅದರಂತೆ 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆ ಹಿಡಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ನೆರಳು, ನೀರು, ಭತ್ತ ಎಲ್ಲವೂ ಮೊದಲಿನಂತೇ ಇತ್ತಲ್ಲ.

ಸಾಗಿಸಿ ಬಿಟ್ಟರೆ? ಶ್ರೀಲಂಕಾದಲ್ಲಿ 12 ಗಂಡಾನೆಗಳಿಗೆ ಜಿಪಿಎಸ್ ಕಾಲರ್ ಹಾಕಿ ಬೇರೆ ಕಾಡಿಗೆ ಬಿಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಅಧ್ಯಯನ. ಕೆಲವು ಹಳೆಯ ಊರಿಗೇ ಹೊರಟವು, ಕೆಲವು ಎಲ್ಲೆಲ್ಲೋ ಅಲೆದವು. ಹೊಸ ಊರುಗಳಿಗೂ ತೊಂದರೆ ಹರಡಿತು, ಆನೆಗಳೂ ಸತ್ತವು.

ಹಿಡಿಯುವ ಕೆಲಸ ಎಷ್ಟು ಅಪಾಯದ್ದು ಅಂತ ನಮಗೆ 2023ರ ಡಿಸೆಂಬರ್ 4ರಂದು ಗೊತ್ತಾಯಿತು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಯಸಳೂರು ವಲಯದಲ್ಲಿ ಕಾಡಾನೆಯ ದಾಳಿಗೆ ಸತ್ತ. ಮಾವುತರು, ಕಾವಾಡಿಗಳು, ಇಲಾಖೆಯ ಸಿಬ್ಬಂದಿ ಪ್ರತಿ ಕಾರ್ಯಾಚರಣೆಯಲ್ಲೂ ಅದೇ ಅಪಾಯಕ್ಕೆ ಇಳಿಯುತ್ತಾರೆ. ಜನರನ್ನು ಮತ್ತೆ ಮತ್ತೆ ಕೊಂದ ಒಂದು ಆನೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲವನ್ನೂ ಹಿಡಿಯುತ್ತೇವೆ ಅನ್ನುವುದು ಚುನಾವಣೆಯ ಭರವಸೆ.

ಬಂಡೀಪುರದಲ್ಲಿ ರಾತ್ರಿ ಗಾಡಿ ಬಿಡದಿದ್ದರೆ ಆನೆಗೇನು ಲಾಭ?

2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ತುರ್ತು ವಾಹನ, ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೆ ಮಾತ್ರ ಅವಕಾಶ. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುವುದು ಕಡಿಮೆಯಾಗಿದ್ದು ಒಂದು ಲಾಭ. ರಸ್ತೆಯ ಎರಡೂ ಬದಿಯ ಕಾಡು ರಾತ್ರಿಯಲ್ಲಿ ಒಂದಾಗಿದ್ದು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಸೇರುವ ಹಿಂಡುಗಳು ಸುತ್ತಲ ಕಾಡುಗಳಿಂದ ನಡೆದು ಬರುತ್ತವೆ.

ಆನೆ ಕಾರಿಡಾರ್ ಅಂದರೆ ನಮ್ಮ ಜಮೀನು ಕಿತ್ಕೊಳ್ತಾರಾ?

ಹಾಗೇನಿಲ್ಲ. ಕಾರಿಡಾರ್ ಅಂದರೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಆನೆ ನಡೆಯುವ ದಾರಿ. ಕೊಳ್ಳೇಗಾಲ ಕಡೆಯ ಎಡಯರಹಳ್ಳಿ–ದೊಡ್ಡಸಂಪಿಗೆ ದಾರಿ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಜೋಡಿಸುತ್ತದೆ. ಅಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 25 ಎಕರೆಯಷ್ಟು ಜಮೀನನ್ನು ಕ್ರಯ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಬಹಳ ಕಡೆ ಜಮೀನು ನಿಮ್ಮದೇ ಉಳಿಯಬಹುದು, ಗೋಡೆ, ರೆಸಾರ್ಟ್, ಕ್ವಾರಿ ಬಾರದಿದ್ದರೆ ಸಾಕು. ಒಂದು ದಾರಿ ಮುಚ್ಚಿದರೆ ಆನೆ ನಿಲ್ಲುವುದಿಲ್ಲ, ಪಕ್ಕದ ಊರಿನ ಮಧ್ಯೆ ನಡೆಯುತ್ತದೆ.

ಕಾಡಿನೊಳಗಿನ ಜನರನ್ನು ಹೊರಗೆ ಕಳಿಸಿದರೆ ಕಾಡು ತಾನಾಗೇ ಉಳಿಯುತ್ತಾ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಹಿಂದೆ ಅವರು ಬೇಸಿಗೆಯ ಆರಂಭದಲ್ಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಹಬ್ಬಿತು ಅನ್ನುವುದು ಅವರ ಅನುಭವ. ಅಲ್ಲಿ 1997 ಮತ್ತು 2008ರ ನಡುವೆ ಲಂಟಾನ ಹಬ್ಬಿದ ಜಾಗ ಹೆಚ್ಚೂಕಡಿಮೆ ಎರಡು ಪಟ್ಟಾಗಿದ್ದನ್ನು ಸಂಶೋಧಕರೂ ದಾಖಲಿಸಿದ್ದಾರೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾದ ಆ ಕಾಡಲ್ಲಿ ಸೋಲಿಗರೂ ಇದ್ದಾರೆ, ಹುಲಿಯೂ ಇದೆ, ಆನೆಯೂ ಇದೆ. ತಾವಾಗಿ ಹೊರಗೆ ಬರಲು ಬಯಸುವವರಿಗೆ ಒಳ್ಳೆಯ ಜಮೀನು, ಮನೆ ಸಿಗಲಿ. ಬಲವಂತ ಬೇಡ.

ಹೊಂದಿಕೊಂಡು ಬಾಳಿ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಸಾಯೋದು ನಾವು. ಏನಂತೀರಿ?

ನೀವು ಹೇಳುವುದು ಸರಿ. ದೇಶದಲ್ಲಿ ವರ್ಷಕ್ಕೆ 500ಕ್ಕೂ ಹೆಚ್ಚು ಜನ ಆನೆ ದಾಳಿಗೆ ಸಾಯುತ್ತಾರೆ. ಅವರಲ್ಲಿ ಬಹುಪಾಲು ಬಡವರು. ಆನೆ ಉಳಿದರೆ ನೀರು, ಹೆಮ್ಮೆ ಎಲ್ಲರಿಗೂ ಬರುತ್ತದೆ, ಬೆಲೆ ಕಟ್ಟುವವರು ಕೆಲವರೇ. ಆ ಬೆಲೆಯನ್ನು ಎಲ್ಲರೂ ಹಂಚಿಕೊಳ್ಳಬೇಕು.

ಹಂಚಿಕೊಳ್ಳುವುದು ಅಂದರೆ ಇಷ್ಟು. ತೋಟದ ಕಾರ್ಮಿಕರ ಪ್ರತಿ ಲೈನ್ ಮನೆಗೂ ಒಳಗೇ ಶೌಚಾಲಯ, ಯಾರೂ ಕತ್ತಲಲ್ಲಿ ಹೊರಗೆ ಹೋಗುವಂತಾಗಬಾರದು. ಕಾಡಂಚಿನ ಊರಿನ ಮಕ್ಕಳಿಗೆ ಶಾಲೆಗೆ ವಾಹನ. ಬಸ್ ನಿಲ್ದಾಣದಿಂದ ಮನೆವರೆಗೆ ಬೀದಿ ದೀಪ. ಆನೆ ಕಾರ್ಯಪಡೆಯ ಹುಡುಗರು ಬಹುತೇಕ ಗುತ್ತಿಗೆ ಕೆಲಸದವರು. ಅವರಿಗೆ ಕಾಯಂ ಸಂಬಳ, ವಿಮೆ ಬೇಕು. ಸಫಾರಿಯಿಂದ ಬರುವ ಹಣದಲ್ಲಿ ಪಕ್ಕದ ಪಂಚಾಯಿತಿಗೆ ಪಾಲು ಬೇಕು. ಬೆಳೆ ಪರಿಹಾರ ಮುಂದಿನ ಬಿತ್ತನೆಗೆ ಮುಂಚೆ ಕೈಸೇರಬೇಕು. ನಿಮ್ಮ ಊರಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ಆನೆ ಹಿಡಿಯಿರಿ ಅನ್ನುವ ಮನವಿಯ ಜೊತೆಗೆ ಈ ಪಟ್ಟಿಯನ್ನೂ ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಏಳಬೇಡಿ.